ನಂದಿ ಬೆಟ್ಟಕ್ಕೆ ಬೇರಿಲ್ಲ

ಚಿಕ್ಕಬಳ್ಳಾಪುರದಲ್ಲಿ 50 ಕಿಲೋ ತೂಗಿದ ರಾಗಿ ಮೂಟೆಯನ್ನು ನಂದಿ ಬೆಟ್ಟದ ತುದಿಗೆ ಹೊತ್ತು ಮತ್ತೆ ತೂಗಿ ನೋಡಿ. ಸ್ಪ್ರಿಂಗ್ ತಕ್ಕಡಿ ತುಂಬಾ ಸೂಕ್ಷ್ಮವಾಗಿದ್ದರೆ ಕೆಲವು ಗ್ರಾಂ ಕಮ್ಮಿ ತೋರಿಸುತ್ತದೆ. (ಎರಡು ತಟ್ಟೆಯ ತಕ್ಕಡಿ ಇಲ್ಲಿ ದಂಡ. ತೂಕದ ಕಲ್ಲೂ ಅಷ್ಟೇ ಹಗುರಾಗಿರುತ್ತದೆ ಅಲ್ವಾ?) ಬೆಟ್ಟದ ತುದಿ ಊರಿಗಿಂತ ಐನೂರು ಮೀಟರಿಗೂ ಜಾಸ್ತಿ ಎತ್ತರ. ಭೂಮಿಯ ಕೇಂದ್ರದಿಂದ ಅಷ್ಟು ದೂರ ಸರಿದದ್ದಕ್ಕೇ ಸುಮಾರು 9 ಗ್ರಾಂ ಇಳಿಯಬೇಕು. ಆದರೆ ಕಾಲಡಿಯ ಗ್ರಾನೈಟ್ ತಾನೂ ಎಳೆಯುತ್ತದೆ, ಹೋದದ್ದರಲ್ಲಿ ಒಂದಿಷ್ಟನ್ನು ವಾಪಸ್ ಕೊಡುತ್ತದೆ.

ಬೆಟ್ಟದ ಸೆಳೆತದ ಈ ಲೆಕ್ಕವನ್ನು ಹಿಮಾಲಯಕ್ಕೆ ಹಾಕಿದಾಗ ಫಜೀತಿಯಾಯಿತು. 19ನೇ ಶತಮಾನದ ಭೂಮಾಪನದಲ್ಲಿ ಹಿಮಾಲಯಕ್ಕೆ ಹತ್ತಿರದ ಕಲಿಯಾನಾ ಮತ್ತು ಅದರ ದಕ್ಷಿಣದ ಕಲಿಯಾನ್‌ಪುರ ಎಂಬ ಎರಡು ಊರುಗಳ ನಡುವಿನ ದೂರವನ್ನು ನೆಲದ ಮೇಲೆ ಅಳೆದದ್ದಕ್ಕೂ ನಕ್ಷತ್ರ ನೋಡಿ ಲೆಕ್ಕ ಹಾಕಿದ್ದಕ್ಕೂ ತಾಳೆಯಾಗಲಿಲ್ಲ. ವ್ಯತ್ಯಾಸ ಸುಮಾರು 5 ಸೆಕೆಂಡಿನಷ್ಟು ಕೋನ (ಒಂದು ಡಿಗ್ರಿಯಲ್ಲಿ 3600 ಸೆಕೆಂಡು). ನಕ್ಷತ್ರ ನೋಡುವಾಗ ನೇರ ಕೆಳದಿಕ್ಕು ತೋರಿಸುವ, ದಾರಕ್ಕೆ ಕಟ್ಟಿದ ತೂಗುಗುಂಡನ್ನು ಹಿಮಾಲಯ ತನ್ನ ಕಡೆ ಎಳೆದಿರಬೇಕು ಎಂದುಕೊಂಡು ಕೋಲ್ಕತ್ತದ ಪಾದ್ರಿ ಜಾನ್ ಪ್ರ್ಯಾಟ್ ಲೆಕ್ಕ ಹಾಕಿದರು. ಬಂದ ಉತ್ತರ ಸುಮಾರು 16 ಸೆಕೆಂಡು! ಅಷ್ಟು ದೊಡ್ಡ ಪರ್ವತ ಎಳೆಯಬೇಕಾದ್ದರಲ್ಲಿ ಮೂರನೇ ಒಂದು ಪಾಲು ಮಾತ್ರ ಎಳೆದಿತ್ತು. 1855ರಲ್ಲಿ ಬ್ರಿಟನ್ನಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ ಇದಕ್ಕೊಂದು ಕಾರಣ ಕೊಟ್ಟರು. ಪರ್ವತದ ಕೆಳಗೆ ಹಗುರ ಬಂಡೆ ಮರದ ಬೇರಿನಂತೆ ಆಳಕ್ಕೆ ಇಳಿದಿದೆ, ಅಲ್ಲಿರಬೇಕಾದ ಭಾರದ ಬಂಡೆಯನ್ನು ಪಕ್ಕಕ್ಕೆ ತಳ್ಳಿದೆ. ಮೇಲೆ ಜಾಸ್ತಿಯಾದದ್ದು ಕೆಳಗೆ ಕಮ್ಮಿಯಾಗಿ ಲೆಕ್ಕ ಸರಿಹೋಗುತ್ತದೆ.

ಹಾಗಾದರೆ ನಂದಿಗೂ ಬೇರಿದೆಯಾ? ಇಲ್ಲ, ಅದಕ್ಕೆ ಬೇಕಾಗಿಯೂ ಇಲ್ಲ. ಭೂಮಿಯ ಹೊರಚಿಪ್ಪು ನೀರಿನ ಮೇಲೆ ತೇಲುವ ಹಲಗೆಯಂತೆ. ಒಂದು ಕಲ್ಲಿಟ್ಟರೆ ಬಾಗುವುದಿಲ್ಲ, ಹತ್ತು ಜನ ನಿಂತರೆ ಬಾಗುತ್ತದೆ. ಕೆಲವೇ ಕಿಲೋಮೀಟರ್ ಅಗಲದ ಬೆಟ್ಟವನ್ನು ಚಿಪ್ಪು ಸುಮ್ನೆ ತನ್ನ ಬಲದಿಂದಲೇ ಹೊತ್ತಿದೆ. ಹಾಗಾಗಿ ಅದರ ಹೆಚ್ಚುವರಿ ಬಂಡೆಯ ಸೆಳೆತ ಗುರುತ್ವಮಾಪಕದಲ್ಲಿ ಪೂರಾ ಕಾಣುತ್ತದೆ. ಹಿಮಾಲಯದ ಭಾರಕ್ಕೆ ಮಾತ್ರ ಇಡೀ ಭಾರತವನ್ನು ಹೊತ್ತ ಚಿಪ್ಪಿನ ದೊಡ್ಡ ತುಂಡಿನ (ಫಲಕದ) ಅಂಚೇ ಬಾಗಿದೆ. ಬಾಗಿದ ತಗ್ಗಿನಲ್ಲಿ ಹಲವು ಕಿಲೋಮೀಟರ್ ದಪ್ಪಕ್ಕೆ ಮಣ್ಣು, ಮರಳು ತುಂಬಿ ಗಂಗಾ ಬಯಲಾಯಿತು. ಹಗುರ ಹೂಳಾದ್ದರಿಂದ ಅಲ್ಲಿ ಗುರುತ್ವ ಕಮ್ಮಿ.

ನನಗೆ ಮಜಾ ಅನ್ನಿಸುವುದು ಇದನ್ನು ತಿರುವಿ ಹಾಕಿದಾಗ. ಎತ್ತರದ ನಕ್ಷೆ, ಗುರುತ್ವದ ನಕ್ಷೆ ಎರಡನ್ನೂ ಪಕ್ಕಪಕ್ಕ ಇಟ್ಟು, ಎಷ್ಟು ಅಗಲದ ಬೆಟ್ಟಗಳಿಂದ ಮುಂದೆ ಬೇರು ಶುರುವಾಗುತ್ತದೆ ಎಂದು ನೋಡಿದರೆ ಆ ಜಾಗದ ಚಿಪ್ಪು ಎಷ್ಟು ಗಟ್ಟಿ ಎಂದು ತಿಳಿಯುತ್ತದೆ. ಒಂದು ತೂತೂ ಕೊರೆಯಬೇಕಿಲ್ಲ. ಹಳೆಯ, ತಣ್ಣಗಿನ ಚಿಪ್ಪು ಸಾಮಾನ್ಯವಾಗಿ ಗಟ್ಟಿ. ಬಿಸಿಯಾಗಿರುವುದು ಮೆತ್ತಗೆ, ಸಣ್ಣ ಹೊರೆಗೂ ಬಾಗುತ್ತದೆ.

ಪಕ್ಕದ ಕೋಲಾರದಲ್ಲಿ ಹೊರೆ ನೆಲದೊಳಗೇ ಇದೆ. ಚಿನ್ನದ ಗಣಿಗಳಿದ್ದ ಆ ಉದ್ದನೆಯ ಬಂಡೆ ಪಟ್ಟಿಗೆ ಸುಮಾರು 270 ಕೋಟಿ ವರ್ಷ ವಯಸ್ಸು. ಸುತ್ತಲಿನ ಗ್ರಾನೈಟಿಗಿಂತ ಭಾರ, ಆದರೂ ಮುಳುಗಿಲ್ಲ, ಚಿಪ್ಪು ಹಿಡಿದುಕೊಂಡೇ ಇದೆ. ಅದರ ಮೇಲೆ ಗುರುತ್ವ ಒಂಚೂರು ಜಾಸ್ತಿ. ಅದು ಚಿನ್ನದ ತೂಕವಲ್ಲ ಮತ್ತೆ! ಒಂದು ಟನ್ ಅದಿರಿನಲ್ಲಿ ಚಿನ್ನ ಇರುತ್ತಿದ್ದದ್ದು ಗ್ರಾಂ ಲೆಕ್ಕದಲ್ಲಿ ಮಾತ್ರ. ಅಷ್ಟು ಎಳೆಯುತ್ತಿರುವುದು ಹಳೆಯ ಲಾವಾದಿಂದಾದ ಕಪ್ಪು ಬಂಡೆ.