ಡಿಫರೆನ್ಷಿಯಲ್ ಕೆಲಸ: ಬಿಚ್ಚುವ ಮೊದಲು ಅಳೆಯಿರಿ

ಎಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚಿ, ತಿರುವಿನಲ್ಲಿ ಅವು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರ್ ಜೋಡಣೆಯೇ ಡಿಫರೆನ್ಷಿಯಲ್. ಅದು ಮನೆಯಲ್ಲಿ ಮುಟ್ಟುವ ಕೆಲಸವಲ್ಲ ಎಂದು ತುಂಬ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಎಂಜಿನ್ ಜೊತೆ ಹೋಲಿಸಿದರೆ ಹಿಂದಿನ ಆಕ್ಸಲ್ ಒಳಗೆ ಇರುವುದು ಸ್ವಲ್ಪವೇ. ಶಾಫ್ಟಿನಿಂದ ತಿರುಗುವ ಸಣ್ಣ ಗೇರ್ ಆದ ಒಂದು ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರ್ ಆದ ಒಂದು ಕ್ರೌನ್ ವೀಲ್, ಅವನ್ನು ಹೊರುವ ನಾಲ್ಕು ಬೇರಿಂಗ್, ಕ್ರೌನ್ ವೀಲ್ ಕೂತಿರುವ ಕೇಜ್ ಒಳಗೆ ನಾಲ್ಕೋ ಆರೋ ಸಣ್ಣ ಗೇರ್, ಅಳತೆ ಹೊಂದಿಸಲು ಒಂದಷ್ಟು ತೆಳು ಬಿಲ್ಲೆ, ಅಂದರೆ ಶಿಮ್. ಬಿಚ್ಚುವುದು ಕಷ್ಟವಲ್ಲ. ಕಷ್ಟ ಇರುವುದು ಅಳತೆಯಲ್ಲಿ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಹೊಸ ಗೇರ್ ಮೊದಲ ದಿನದಿಂದಲೇ ಊಳಿಡುತ್ತದೆ.

ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಎಂದು ಖಾತ್ರಿ ಮಾಡಿಕೊಳ್ಳಿ. ಆಕ್ಸಲರೇಟರ್ ಒತ್ತಿದಾಗ ಊಳಿಟ್ಟು, ಬಿಟ್ಟ ತಕ್ಷಣ ನಿಂತರೆ ಕ್ರೌನ್-ಪಿನಿಯನ್ ಹಲ್ಲುಗಳ ಮೇಲೆ ಅನುಮಾನ. ಒತ್ತಿದರೂ ಬಿಟ್ಟರೂ ಒಂದೇ ಸಮ ಗೊರಗೊರ ಎಂದರೆ ಬೇರಿಂಗ್. ತಿರುವಿನಲ್ಲಿ ಮಾತ್ರ ಸದ್ದಾದರೆ ಕೇಜ್ ಒಳಗಿನ ಸಣ್ಣ ಗೇರ್‌ಗಳನ್ನು ನೋಡಬೇಕು. ಆದರೆ ವೀಲ್ ಬೇರಿಂಗ್ ಕೂಡ ತಿರುವಿನಲ್ಲೇ ಕೂಗುತ್ತದೆ. ಗೇರ್ ಹಾಕಿ ಹೊರಡುವಾಗ ಟಕ್ ಎಂದು ಬಡಿದರೆ ಗೇರ್‌ಬಾಕ್ಸಿನಿಂದ ಆಕ್ಸಲಿಗೆ ಬರುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಬೇರಿಂಗನ್ನು ಮೊದಲು ಅಲ್ಲಾಡಿಸಿ ನೋಡಿ. ಎಷ್ಟೋ ಆಕ್ಸಲ್‌ಗಳನ್ನು ಸುಮ್ನೆ ಬಿಚ್ಚಿರುತ್ತಾರೆ, ತಪ್ಪು ಇನ್ನೆಲ್ಲೋ ಇರುತ್ತದೆ.

ಆಯಿಲ್ ಇಳಿಸಿದಾಗ ಮ್ಯಾಗ್ನೆಟ್ ಪ್ಲಗ್ ಮೇಲೆ ಬೂದು ಬಣ್ಣದ ನುಣ್ಣನೆಯ ಮಡ್ಡಿ ಇದ್ದರೆ ಗಾಬರಿ ಬೇಡ, ಅದು ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಬಿಚ್ಚಲೇಬೇಕು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಬಿಸಿಯಾದ ಆಕ್ಸಲ್ ನೀರಿಗಿಳಿದರೆ ತಣ್ಣಗಾಗುತ್ತಾ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಹಾಗಾದಾಗ ಆಕ್ಸಲಿನ ಗಾಳಿ ಕಿಂಡಿ, ಅಂದರೆ ಬ್ರೀದರ್ ಕಟ್ಟಿದೆಯಾ ಎಂದೂ ನೋಡಿ. ಅದು ಕಟ್ಟಿದ್ದರೆ ನೀವು ಹಾಕುವ ಹೊಸ ಆಯಿಲ್ ಸೀಲ್ ಕೂಡ ಸೋರುತ್ತದೆ.

ಗಾಡಿಯನ್ನು ಜಾಕ್ ಮೇಲೆ ಮಾತ್ರ ನಿಲ್ಲಿಸಿ ಅಡಿಗೆ ಹೋಗಬೇಡಿ. ಗಟ್ಟಿ ಸ್ಟ್ಯಾಂಡ್ ಬೇಕು, ಮುಂದಿನ ಚಕ್ರಗಳಿಗೆ ಅಡೆ ಬೇಕು. ಕೇಜ್ ಜಾರಿ ಕೈಮೇಲೆ ಬಿದ್ದರೆ ಬೆರಳು ಉಳಿಯುವುದಿಲ್ಲ.

ಇನ್ನು ಒಂದು ಬೋಲ್ಟನ್ನೂ ಸಡಿಲಿಸುವ ಮೊದಲು ಸಣ್ಣ ಅಲುಗಾಟವನ್ನೂ ತೋರಿಸುವ ಡಯಲ್ ಗೇಜ್ ಕಟ್ಟಿ, ಕ್ರೌನ್-ಪಿನಿಯನ್ ಹಲ್ಲುಗಳ ನಡುವೆ ಈಗಿರುವ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್ ಓದಿ ಬರೆದಿಡಿ. ಹಲ್ಲಿಗೆ ಬಣ್ಣ ಹಚ್ಚಿ ಗುರುತಿನ ಫೋಟೋ ತೆಗೆಯಿರಿ. ಕೇಜ್ ಹೊರಬಂದ ಮೇಲೆ ಪಿನಿಯನ್ ತಿರುಗಿಸಲು ಎಷ್ಟು ಬಲ ಬೇಕು ಅನ್ನುವುದನ್ನೂ ಬರೆಯಿರಿ. ಹಳೇ ಗೇರ್ ಹೇಗೆ ಕೂತಿತ್ತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಮುಂದೆ ಸಿಗುವುದಿಲ್ಲ. ಬೇರಿಂಗ್ ಕ್ಯಾಪ್‌ಗಳಿಗೆ ಎಡ-ಬಲ, ಮೇಲೆ-ಕೆಳಗೆ ಎಂದು ಸೆಂಟರ್ ಪಂಚಿನಿಂದ ಗುರುತು ಹಾಕಿ. ಅವನ್ನು ಹೌಸಿಂಗ್ ಜೊತೆಗೇ ಕೊರೆದಿರುತ್ತಾರೆ, ಅದಲುಬದಲು ಮಾಡಿದರೆ ಬೇರಿಂಗ್ ಸರಿಯಾಗಿ ಕೂರುವುದಿಲ್ಲ. ಶಿಮ್‌ಗಳನ್ನು ಯಾವ ಬದಿಯದು ಎಂದು ಬರೆದು ಬೇರೆ ಬೇರೆ ಕಟ್ಟಿಡಿ.

ಬೇರಿಂಗ್ ಮಾತ್ರ ಬದಲಿಸಿ ಹಳೇ ಗೇರ್ ಉಳಿಸಿಕೊಳ್ಳುವುದಾದರೆ ಹಳೇ ಪಿನಿಯನ್ ಶಿಮ್ಮನ್ನೇ ಹಾಕಿ, ಹಳೇ ಬ್ಯಾಕ್‌ಲ್ಯಾಶಿಗೇ ವಾಪಸ್ ತನ್ನಿ. ಆ ಹಲ್ಲುಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಂಡಿವೆ. ಪುಸ್ತಕದ ಅಳತೆಗೆ ತರುತ್ತೇನೆ ಎಂದು ಹೊಸ ಜಾಗದಲ್ಲಿ ಕೂರಿಸಿದರೆ ಇಲ್ಲದ ಸದ್ದು ಶುರುವಾಗುತ್ತದೆ. ಗೇರ್ ಬದಲಿಸುವುದಾದರೆ ಕ್ರೌನ್ ಮತ್ತು ಪಿನಿಯನ್ ಎರಡನ್ನೂ ಜೋಡಿಯಾಗಿಯೇ ತರಬೇಕು. ಕಾರ್ಖಾನೆಯಲ್ಲಿ ಜೋಡಿ ಮಾಡಿಯೇ ಕಳಿಸುತ್ತಾರೆ, ಎರಡರ ಮೇಲೂ ಒಂದೇ ನಂಬರ್ ಇದೆಯಾ ನೋಡಿಕೊಳ್ಳಿ.

ಹೊಸ ಗೇರಿಗೆ ಶಿಮ್ ಹುಡುಕುವಾಗ ಪಿನಿಯನನ್ನು ಹಲವು ಸಲ ಹಾಕಿ ತೆಗೆಯಬೇಕಾಗುತ್ತದೆ. ಪ್ರತಿ ಸಲ ಬೇರಿಂಗ್ ಒತ್ತಿ ಕೂರಿಸಿ ಪುಲ್ಲರಿನಿಂದ ಎಳೆದರೆ ಹೊಸ ಬೇರಿಂಗ್ ಹಾಳಾಗುತ್ತದೆ. ಅದಕ್ಕೆ ಅದೇ ನಂಬರಿನ ಇನ್ನೊಂದು ಬೇರಿಂಗ್ ತಂದು ಒಳಗಿನ ತೂತನ್ನು ಸ್ವಲ್ಪ ಉಜ್ಜಿ, ಕೈಯಲ್ಲೇ ಜಾರುವಂತೆ ಮಾಡಿಟ್ಟುಕೊಳ್ಳಿ. ಅಳತೆ ಎಲ್ಲಾ ಅದರಲ್ಲಿ ಆಗಲಿ. ಕೊನೆಗೆ ಅಸಲಿ ಬೇರಿಂಗನ್ನು ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದರೆ ಸುತ್ತಿಗೆ ಏಟಿಲ್ಲದೆ ಕೂರುತ್ತದೆ.

ಹೆಚ್ಚು ಜನ ಎಡವುವುದು ಪಿನಿಯನ್ ನಟ್ಟಿನಲ್ಲಿ. ಬಹಳ ಆಕ್ಸಲ್‌ಗಳಲ್ಲಿ ಎರಡು ಪಿನಿಯನ್ ಬೇರಿಂಗ್‌ಗಳ ನಡುವೆ ಕ್ರಶ್ ಸ್ಲೀವ್ ಎಂಬ ತೆಳು ಕೊಳವೆ ಇರುತ್ತದೆ. ನಟ್ ಬಿಗಿದಂತೆ ಅದು ಕುಗ್ಗಿ ಬೇರಿಂಗಿನ ಬಿಗಿಯನ್ನು ನಿಗದಿ ಮಾಡುತ್ತದೆ. ಕುಗ್ಗಲು ಶುರುವಾಗುವವರೆಗೆ ಉದ್ದನೆಯ ಬಾರ್ ಹಾಕಿ ಎಳೆಯಬೇಕು. ಶುರುವಾದ ಮೇಲೆ ಮಾತ್ರ ಇಷ್ಟಿಷ್ಟೇ. ಸ್ವಲ್ಪ ತಿರುಗಿಸಿ, ಪಿನಿಯನ್ ನಾಲ್ಕು ಸುತ್ತು ಆಡಿಸಿ, ಅಳೆದು, ಮತ್ತೆ ಸ್ವಲ್ಪ. ಹೊಸ ಬೇರಿಂಗಿಗೆ ತಿರುಗುವ ಬಲ ಸಾಮಾನ್ಯವಾಗಿ 1.5ರಿಂದ 3 ನ್ಯೂಟನ್ ಮೀಟರ್ ಆಸುಪಾಸು, ಓಡಿದ ಬೇರಿಂಗಿಗೆ ಅದರ ಅರ್ಧ. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಬೇರೆ ಸಂಖ್ಯೆ ಇದ್ದರೆ ಅದೇ ಸರಿ. ಸಣ್ಣ ಟಾರ್ಕ್ ವ್ರೆಂಚ್ ಇಲ್ಲದಿದ್ದರೆ ಪಿನಿಯನ್ ತುದಿಯ ಫ್ಲ್ಯಾಂಜಿಗೆ ದಾರ ಸುತ್ತಿ ಸ್ಪ್ರಿಂಗ್ ತಕ್ಕಡಿಯಲ್ಲಿ ಎಳೆಯಿರಿ. ದಾರ ಸುತ್ತಿದ ಜಾಗ ನಡುವಿನಿಂದ 5 ಸೆಂಟಿಮೀಟರ್ ದೂರವಿದ್ದರೆ 2 ನ್ಯೂಟನ್ ಮೀಟರಿಗೆ ತಕ್ಕಡಿ ಸುಮಾರು 4 ಕೆಜಿ ತೋರಿಸಬೇಕು. ತಿರುಗಲು ಶುರುವಾಗುವಾಗಿನ ಎಳೆತ ಲೆಕ್ಕಕ್ಕಿಲ್ಲ, ಒಂದೇ ಸಮ ತಿರುಗುತ್ತಿರುವಾಗ ಓದಬೇಕು.

ಜಾಸ್ತಿ ಬಿಗಿಯಾಯಿತಾ? ನಟ್ ಸಡಿಲಿಸಿ ಸರಿಮಾಡುವಂತಿಲ್ಲ. ಕುಗ್ಗಿದ ಸ್ಲೀವ್ ವಾಪಸ್ ಹಿಗ್ಗುವುದಿಲ್ಲ, ಹೊಸದೇ ಬೇಕು. ಒಂದೆರಡು ಸ್ಲೀವ್ ಜಾಸ್ತಿ ತಂದಿಟ್ಟುಕೊಂಡರೆ ಒಳ್ಳೆಯದು. ಬರೀ ಸೀಲ್ ಬದಲಿಸುವವರಿಗೂ ಇದೇ ಮಾತು. ಎಷ್ಟು ಬಿಗಿ ಇತ್ತೋ ನೋಡದೆ ನಟ್ ಬಿಗಿಯುವ ಇಂಪ್ಯಾಕ್ಟ್ ಗನ್ ಹಿಡಿದು ಬಿಗಿದರೆ ಸೋರುವುದು ನಿಲ್ಲುತ್ತದೆ, ಬೇರಿಂಗ್ ಸುಡುತ್ತದೆ.

ಆಮೇಲೆ ಬ್ಯಾಕ್‌ಲ್ಯಾಶ್. ಕಾರು, ಜೀಪುಗಳಲ್ಲಿ ಇದು ಹೆಚ್ಚಾಗಿ 0.15ರಿಂದ 0.20 ಮಿಲಿಮೀಟರ್ ಹತ್ತಿರ ಇರುತ್ತದೆ. ಕ್ರೌನ್ ವೀಲಿನ ಸುತ್ತ ಮೂರು ನಾಲ್ಕು ಕಡೆ ಅಳೆಯಿರಿ, ಒಂದೇ ಹಲ್ಲು ನಂಬಬೇಡಿ. ಒಂದು ಬದಿಯ ಶಿಮ್ ತೆಗೆದಷ್ಟೇ ಇನ್ನೊಂದು ಬದಿಗೆ ಸೇರಿಸಿದರೆ ಬೇರಿಂಗಿನ ಬಿಗಿ ಕೆಡುವುದಿಲ್ಲ. ಹಾಗೆ 0.10 ಸರಿಸಿದರೆ ಬ್ಯಾಕ್‌ಲ್ಯಾಶ್ ಸುಮಾರು 0.07 ಬದಲಾಗುತ್ತದೆ.

ಅಳತೆ ಎಲ್ಲ ಸರಿಬಂದರೂ ಕೊನೆಯ ತೀರ್ಪು ಹಲ್ಲಿನ ಮೇಲಿನ ಗುರುತಿನದು. ಮೂರು ನಾಲ್ಕು ಹಲ್ಲಿಗೆ ಮಾರ್ಕಿಂಗ್ ಪೇಸ್ಟ್ ತೆಳ್ಳಗೆ ಹಚ್ಚಿ. ಕ್ರೌನ್ ವೀಲಿಗೆ ಮರದ ತುಂಡು ಒತ್ತಿ ಹಿಡಿದು, ಪಿನಿಯನ್ ಕಡೆಯಿಂದ ಎರಡೂ ದಿಕ್ಕಿಗೆ ತಿರುಗಿಸಿ. ಒತ್ತಡವಿಲ್ಲದೆ ತಿರುಗಿಸಿದರೆ ಗುರುತು ಸರಿಯಾಗಿ ಮೂಡುವುದಿಲ್ಲ. ಪೇಸ್ಟ್ ಸರಿದು ಲೋಹ ಕಾಣುವ ಮಚ್ಚೆ ಹಲ್ಲಿನ ಎತ್ತರದ ನಡುವಿಗೆ ಇರಬೇಕು. ಅದು ಹಲ್ಲಿನ ಬುಡಕ್ಕೆ ಇಳಿದಿದ್ದರೆ ಪಿನಿಯನ್ ಜಾಸ್ತಿ ಒಳಗಿದೆ, ತುದಿಗೆ ಹತ್ತಿದ್ದರೆ ಪಿನಿಯನ್ ದೂರವಿದೆ. ಶಿಮ್ ಪಿನಿಯನ್ ತಲೆಗೂ ಬೇರಿಂಗಿಗೂ ನಡುವೆ ಇರುವ ಆಕ್ಸಲ್‌ಗಳಲ್ಲಿ ದಪ್ಪ ಶಿಮ್ ಪಿನಿಯನನ್ನು ಒಳಗೆ ತಳ್ಳುತ್ತದೆ. ಕೆಲವು ಆಕ್ಸಲ್‌ಗಳಲ್ಲಿ ಇದು ಉಲ್ಟಾ, ಮೊದಲೇ ತಿಳಿದುಕೊಳ್ಳಿ. ಒಂದು ಸಲಕ್ಕೆ 0.05 ಮಿಲಿಮೀಟರ್ ಬದಲಿಸಿ ನೋಡಿ. ಪ್ರತಿ ಸಲವೂ ಬ್ಯಾಕ್‌ಲ್ಯಾಶ್ ಮತ್ತೆ ಸರಿಮಾಡಿಯೇ ಬಣ್ಣ ಹಚ್ಚಬೇಕು, ಇಲ್ಲದಿದ್ದರೆ ಗುರುತು ದಾರಿ ತಪ್ಪಿಸುತ್ತದೆ. ಬೇಸರದ ಕೆಲಸ ನಿಜ. ಆದರೆ ಇಲ್ಲಿ ಕಳೆದ ಒಂದು ಸಂಜೆಯಿಂದ ಗೇರ್ ವರ್ಷಗಟ್ಟಲೆ ಬಾಳುತ್ತದೆ.

ಕ್ರೌನ್ ಬೋಲ್ಟ್‌ಗಳನ್ನು ಹೊಸದು ಹಾಕಿ, ಥ್ರೆಡ್ ಲಾಕರ್ ಹಚ್ಚಿ ಟಾರ್ಕಿಗೆ ಬಿಗಿಯಿರಿ. ಆಯಿಲ್ ಪುಸ್ತಕದಲ್ಲಿ ಹೇಳಿದ ಗ್ರೇಡೇ ಇರಲಿ. ಇಂಥ ಕ್ರೌನ್-ಪಿನಿಯನ್‌ಗಳ ಬಾಗಿದ ಹೈಪಾಯ್ಡ್ ಹಲ್ಲುಗಳು ಉರುಳುವುದರ ಜೊತೆ ಜಾರುತ್ತವೆ, ಆದ್ದರಿಂದ ಸಾಮಾನ್ಯವಾಗಿ ಹೆಚ್ಚು ಒತ್ತಡ ತಡೆಯುವ ಜಿಎಲ್-5 ದರ್ಜೆಯ ಗೇರ್ ಆಯಿಲ್ಲೇ ಬೇಕಾಗುತ್ತದೆ. ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ ಅದಕ್ಕೆಂದೇ ಇರುವ ಆಯಿಲ್ ಹಾಕಿ.

ಹೊಸ ಗೇರ್ ಹಾಕಿದ ದಿನ 20-25 ಕಿಲೋಮೀಟರ್ ನಿಧಾನಕ್ಕೆ ಓಡಿಸಿ, ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಹೀಗೆ ಎರಡು ಮೂರು ಸಲ ಆಗಲಿ. ಮೊದಲ 800 ಕಿಲೋಮೀಟರ್ ಭಾರ ಎಳೆಯಬೇಡಿ. ಅದಾದ ಮೇಲೆ ಆಯಿಲ್ ಬದಲಿಸಿ, ಮ್ಯಾಗ್ನೆಟ್ ಒರೆಸಿ ಹಾಕಿ. ಆ ಸಲ ಮಡ್ಡಿ ಸ್ವಲ್ಪ ಜಾಸ್ತಿ ಬಂದರೂ ಚೂರು ಇಲ್ಲದಿದ್ದರೆ ಚಿಂತೆ ಬೇಡ.