ಸಾಬೂದಾನಿಯೂ ಸೈಕಸ್ ಹಿಟ್ಟೂ: ಎರಡು ಬೇರೆ ಕಥೆ

ಸಂಕಷ್ಟಿ, ಏಕಾದಶಿ ಬಂತೆಂದರೆ ಮುಂಬೈ, ಪುಣೆಯ ಕನ್ನಡದ ಮನೆಗಳಲ್ಲೂ ಸಾಬೂದಾನಿ ಖಿಚಡಿ ಆಗುತ್ತದೆ. ಮರಾಠಿ ನೆರೆಯವರಿಂದ ಕಲಿತದ್ದು ಈಗ ನಮ್ಮದೇ ಅಡುಗೆ. ಇಲ್ಲಿನ ಹೌಸಿಂಗ್ ಸೊಸೈಟಿಗಳ ತೋಟದಲ್ಲಿ ಗರಿಗರಿ ಎಲೆಯ ಸೈಕಸ್ ಗಿಡವೂ ಸಾಮಾನ್ಯ. ನರ್ಸರಿಯಲ್ಲಿ ಅದನ್ನು 'ಸಾಗೋ ಪಾಮ್' ಅಂತ ಮಾರುತ್ತಾರೆ. ಹಾಗಾಗಿ ಸಾಬೂದಾನಿ ಇದರಿಂದಲೇ ಬರುತ್ತದೆ ಅಂತ ಯಾರಾದರೂ ಅಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಆ ನಂಬಿಕೆ ಅಪಾಯದ್ದು.

ನಾವು ತಿನ್ನುವ ಸಾಬೂದಾನಿ ಮರಗೆಣಸಿನದು. ಮೊದಲು ಆಗ್ನೇಯ ಏಷ್ಯಾದ ನಿಜವಾದ ಸಾಗೋ ತಾಳೆಯ (ಇದು ಸೈಕಸ್ ಅಲ್ಲ, ಬೇರೆ ಮರ) ಹಿಟ್ಟಿನ ಕಾಳು ಹಡಗಿನಲ್ಲಿ ಬರುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಅದು ನಿಂತಿತು. ಆಗ, 1940ರ ದಶಕದಲ್ಲಿ, ಸೇಲಂನಲ್ಲಿ ಮರಗೆಣಸಿನಿಂದ ಕಾಳು ಮಾಡಲು ಶುರುಮಾಡಿದರು. ಇವತ್ತಿಗೂ ಆ ಭಾಗವೇ ಇದರ ತವರು.

ಸೈಕಸ್ ತಾಳೆ ಜಾತಿಯದೇ ಅಲ್ಲ. ಡೈನೋಸಾರ್‌ಗಳಿಗಿಂತ ಹಳೆಯ, ಹೂ ಬಿಡದ ಗಿಡಗಳ ವಂಶ ಅದು. ಅದರ ಕಾಂಡದಲ್ಲಿ, ಬೀಜದಲ್ಲಿ ಹಿಟ್ಟಿದೆ, ನಿಜ. ಜೊತೆಗೆ ಸೈಕಾಸಿನ್ ಎಂಬ ವಿಷವೂ ಇದೆ. ಅದು ಲಿವರನ್ನು ಕೆಡಿಸುತ್ತದೆ. ಬೀಜ ಅಗಿದ ಸಾಕುನಾಯಿಗಳು ಸತ್ತಿವೆ. ಮಕ್ಕಳು ಆಡುವ ಕಡೆ ಬೀಜ ಬಿದ್ದಿದ್ದರೆ ದಯವಿಟ್ಟು ಆರಿಸಿ ತೆಗೆಸಿ.

ಇಂಥ ಗಿಡವನ್ನು ಜನ ತಿಂದದ್ದಾದರೂ ಹೇಗೆ? ಈ ವಿಷ ನೀರಿನಲ್ಲಿ ಕರಗುತ್ತದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಇದು ಬಹಳ ಹಿಂದೆಯೇ ಗೊತ್ತಿತ್ತು. ಬೀಜವನ್ನು ಜಜ್ಜಿ, ಹರಿಯುವ ನೀರಿನಲ್ಲಿ ದಿನಗಟ್ಟಲೆ ಇಟ್ಟು, ಆಮೇಲೆ ಸುಡುತ್ತಿದ್ದರು. 1770ರಲ್ಲಿ ಅಲ್ಲಿಗೆ ಬಂದ ಕ್ಯಾಪ್ಟನ್ ಕುಕ್ ತಂಡದವರು ಹಾಗೇ ತಿಂದು ಕಾಯಿಲೆ ಬಿದ್ದರು. ಅವರ ಹಂದಿಗಳೂ ಸತ್ತವು. ನಮ್ಮ ಪಕ್ಕದ ಮಲಬಾರಿನಲ್ಲೂ ಈಂದು ಎಂಬ ಸೈಕಸ್ ಜಾತಿಯ ಬೀಜವನ್ನು ಒಣಗಿಸಿ, ನೀರು ಬದಲಿಸುತ್ತಾ ನೆನೆಸಿ, ಹಿಟ್ಟು ಮಾಡುವ ಪದ್ಧತಿ ಇದೆ. ಪ್ರಯೋಗಶಾಲೆ ಇಲ್ಲದ ಕಾಲದಲ್ಲಿ ಇದನ್ನು ಕಂಡುಕೊಂಡವರ ಜಾಣ್ಮೆ ನನಗೆ ದೊಡ್ಡದಾಗಿ ಕಾಣುತ್ತದೆ. ಯಾವುದೋ ವಿಡಿಯೊ ನೋಡಿ ಸುಮ್ನೆ ಮನೆಯಲ್ಲಿ ಮಾಡಿ ನೋಡುವ ಕೆಲಸವಲ್ಲ ಅದು.

ಹಸಿವು ಜಾಸ್ತಿಯಾದಾಗ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? 1920ರ ದಶಕದಲ್ಲಿ ಸಕ್ಕರೆ ಬೆಲೆ ಕುಸಿದು, ಕಬ್ಬನ್ನೇ ನಂಬಿದ್ದ ಜಪಾನಿನ ಓಕಿನಾವಾ ದ್ವೀಪಗಳು ಬರಿಗೈಯಾದವು. ಜನ ಸೈಕಸ್ ಕಡಿದು ತಿಂದರು. ಸರಿಯಾಗಿ ತೊಳೆಯದೆ ತಿಂದವರಲ್ಲಿ ಕೆಲವರು ಸತ್ತರು. ಆ ಕಾಲವನ್ನು ಅಲ್ಲಿ ಇವತ್ತಿಗೂ 'ಸೈಕಸ್ ನರಕ' ಎಂದೇ ಕರೆಯುತ್ತಾರೆ.

ಪೆಸಿಫಿಕ್ ಸಾಗರದಲ್ಲಿ ಅಮೆರಿಕದ ಆಡಳಿತದಲ್ಲಿರುವ ಗುವಾಮ್ ದ್ವೀಪದ್ದು ಇನ್ನೂ ಬಿಡಿಸದ ಒಗಟು. ಅಲ್ಲಿನ ಚಮೋರೊ ಜನ ಈ ಹಿಟ್ಟಿನ ರೊಟ್ಟಿ ತಿನ್ನುತ್ತಿದ್ದರು. ಯುದ್ಧಕಾಲದ ಅಭಾವದಲ್ಲಿ ಇನ್ನೂ ಹೆಚ್ಚು ತಿಂದರು. 1950ರ ದಶಕದಲ್ಲಿ ಅಲ್ಲಿ ನರಗಳು ಸೋತು, ಕೈಕಾಲು ಸ್ವಾಧೀನ ತಪ್ಪುವ ಕಾಯಿಲೆ ಬೇರೆಡೆಗಿಂತ ಹತ್ತಾರು ಪಟ್ಟು ಜಾಸ್ತಿ ಇದ್ದದ್ದು ವೈದ್ಯರ ಕಣ್ಣಿಗೆ ಬಿತ್ತು. ಮೊದಲ ಅನುಮಾನ ಬಿದ್ದವುಗಳಲ್ಲಿ ಈ ಹಿಟ್ಟೂ ಒಂದು. ಚೆನ್ನಾಗಿ ತೊಳೆದ ಹಿಟ್ಟಿನಲ್ಲಿ ಉಳಿಯುವ ವಿಷ ತೀರಾ ಕಡಿಮೆ ಎಂದು ಕೆಲವರು ವಾದಿಸಿದರು. ಸೈಕಸ್ ಬೀಜ ತಿನ್ನುವ ಬಾವಲಿಗಳನ್ನು ಜನ ತಿನ್ನುತ್ತಿದ್ದರು, ವಿಷ ಅವುಗಳ ಮೂಲಕ ಬಂದಿರಬಹುದು ಎಂದರು ಇನ್ನು ಕೆಲವರು. ಯಾವುದಕ್ಕೂ ಎಲ್ಲರ ಒಪ್ಪಿಗೆ ಸಿಕ್ಕಿಲ್ಲ. ಯುದ್ಧದ ನಂತರ ಅಮೆರಿಕದ ಅಂಗಡಿ ಆಹಾರ ಬಂದು ಹಳೆಯ ಊಟ ಹಿಂದೆ ಸರಿಯಿತು. ಆಮೇಲೆ ಹುಟ್ಟಿದವರಲ್ಲಿ ಆ ಕಾಯಿಲೆ ತೀರಾ ಅಪರೂಪ.