ಸಾರಜನಕ: ಗಾಳಿಯ ತುಂಬ ಇದ್ದರೂ ಗಿಡಕ್ಕೆ ಸಿಗದ ಆಹಾರ

ನಾವು ಉಸಿರಾಡುವ ಗಾಳಿಯಲ್ಲಿ ಶೇ 78ರಷ್ಟು ಇರುವುದು ಸಾರಜನಕ, ಅಂದರೆ ನೈಟ್ರೋಜನ್. ಪರಮಾಣು ಸಂಖ್ಯೆ 7. ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. 1772ರಲ್ಲಿ ಸ್ಕಾಟ್ಲೆಂಡಿನ ಡೇನಿಯಲ್ ರುದರ್‌ಫರ್ಡ್ ಇದನ್ನು ಗಾಳಿಯಿಂದ ಬೇರ್ಪಡಿಸಿ ತೋರಿಸಿದರು.

ಎಲೆಯ ಹಸಿರಿಗೆ, ಕಾಳಿನ ಪ್ರೋಟೀನಿಗೆ, ನಮ್ಮ ಸ್ನಾಯುಗಳಿಗೆ, ಡಿಎನ್‌ಎಗೆ ಎಲ್ಲಕ್ಕೂ ಸಾರಜನಕ ಬೇಕು. ಆದರೆ ಗಾಳಿಯಲ್ಲಿ ಇದರ ಎರಡೆರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿಯಾಗಿ ಅಂಟಿಕೊಂಡಿರುತ್ತವೆ. ಆ ಜೋಡಿಯನ್ನು ಬಿಡಿಸುವ ಶಕ್ತಿ ಗಿಡಕ್ಕಿಲ್ಲ, ನಮಗೂ ಇಲ್ಲ. ಸಾರಜನಕದ ಕಥೆಯೆಲ್ಲ ಇರುವುದು ಇಲ್ಲೇ.

ಮಿಂಚು ಸ್ವಲ್ಪ ಬಿಡಿಸುತ್ತದೆ. ಹೆಚ್ಚಿನ ಕೆಲಸ ಮಾಡುವುದು ಮಣ್ಣಿನ ಬ್ಯಾಕ್ಟೀರಿಯಾ. ಹೂ ಬಿಡುವ ಹೊತ್ತಿನಲ್ಲಿ ಒಂದು ಶೇಂಗಾ ಗಿಡವನ್ನು ಮೆಲ್ಲಗೆ ಕಿತ್ತು ಬೇರು ನೋಡಿ. ಸಾಸಿವೆ ಕಾಳಿನಂಥ ಗಂಟುಗಳು ಕಾಣುತ್ತವೆ. ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಇದ್ದರೆ ರೈಜೋಬಿಯಂ ಬ್ಯಾಕ್ಟೀರಿಯಾ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದರ್ಥ. ಗಾಳಿಯ ಸಾರಜನಕವನ್ನು ಅದು ಗಿಡಕ್ಕೆ ಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ರಾಗಿ ಹೊಲದಲ್ಲಿ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕಿದ ನಮ್ಮ ಹಿರಿಯರಿಗೆ ಬ್ಯಾಕ್ಟೀರಿಯಾ ಗೊತ್ತಿರಲಿಲ್ಲ, ಫಲ ಗೊತ್ತಿತ್ತು. ಇದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ.

ಇದೇ ಕೆಲಸವನ್ನು ಕಾರ್ಖಾನೆಗೆ ತಂದವರು ಜರ್ಮನಿಯ ಫ್ರಿಟ್ಸ್ ಹೇಬರ್ ಮತ್ತು ಕಾರ್ಲ್ ಬಾಷ್. ಭಾರೀ ಒತ್ತಡ, ಸುಮಾರು 400–500 ಡಿಗ್ರಿ ಶಾಖ, ಕಬ್ಬಿಣದ ವೇಗವರ್ಧಕ. ಸಾರಜನಕ, ಜಲಜನಕ ಕೂಡಿ ಅಮೋನಿಯಾ ಆಗುತ್ತದೆ. 1913ರಲ್ಲಿ ಓಪ್ಪೌ ಎಂಬಲ್ಲಿ ಕಾರ್ಖಾನೆ ಶುರುವಾಯಿತು. ಮರುವರ್ಷ ಮಹಾಯುದ್ಧ ಬಂತು, ಅದೇ ಅಮೋನಿಯಾ ಸಿಡಿಮದ್ದಿಗೂ ಹೋಯಿತು. ಇಂದು ಜಗತ್ತಿನ ಅರ್ಧದಷ್ಟು ಜನರ ಊಟ ಈ ವಿಧಾನದ ಗೊಬ್ಬರದ ಮೇಲೆ ನಿಂತಿದೆ ಎಂದು ಅಂದಾಜು.

ಯೂರಿಯಾದಲ್ಲಿ ಶೇ 46 ಸಾರಜನಕ. 45 ಕೆಜಿ ಚೀಲದಲ್ಲಿ ಸುಮಾರು 20.7 ಕೆಜಿ ಬಂತು. ಕಡಿಮೆಯಾದರೆ ಮೊದಲು ಕೆಳಗಿನ ಹಳೆಯ ಎಲೆಗಳು ಹಳದಿಯಾಗುತ್ತವೆ. ಇರುವುದನ್ನು ಗಿಡ ಚಿಗುರಿಗೆ ಕಳಿಸಿಬಿಡುತ್ತದೆ. ಜಾಸ್ತಿಯಾದರೆ ಪೈರು ಕಡು ಹಸಿರಾಗಿ ಸೊಕ್ಕಿ ಬೆಳೆದು ಗಾಳಿಗೆ ಮಲಗುತ್ತದೆ, ಕೀಟವೂ ಹೆಚ್ಚು. ಗಿಡ ಹೀರದೆ ಉಳಿದದ್ದು ನೈಟ್ರೇಟ್ ಆಗಿ ಬಾವಿ ನೀರಿಗೆ ಇಳಿಯುತ್ತದೆ. ಪಕ್ಕದವರು ಹಾಕಿದರು ಅಂತ ಸುಮ್ನೆ ಇನ್ನೊಂದು ಚೀಲ ಸುರಿಯುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ.

ಇನ್ನು ಬೇರೆ ಬಳಕೆಗಳು. ಚಿಪ್ಸ್ ಪ್ಯಾಕೆಟ್ಟು ಉಬ್ಬಿರುವುದು ಸಾರಜನಕದಿಂದ. ಆಮ್ಲಜನಕ ಇಲ್ಲದ್ದರಿಂದ ಎಣ್ಣೆ ಕಮಟುವುದಿಲ್ಲ. ಮೈನಸ್ 196 ಡಿಗ್ರಿಯಲ್ಲಿ ಇದು ದ್ರವ. ಪಶು ಆಸ್ಪತ್ರೆಯಲ್ಲಿ ಹಸುಗಳ ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳನ್ನು ಇಡುವುದು ಈ ದ್ರವದಲ್ಲೇ. ಅದರ ಕ್ಯಾನನ್ನು ಮುಚ್ಚಿದ ಕೋಣೆಯಲ್ಲಿ ಚೆಲ್ಲಬಾರದು. ಸಾರಜನಕ ವಿಷವಲ್ಲ, ಆದರೆ ಆವಿಯಾಗಿ ಆಮ್ಲಜನಕದ ಜಾಗ ಹಿಡಿಯುತ್ತದೆ. ವಾಸನೆ ಇಲ್ಲದ್ದರಿಂದ ಉಸಿರು ಕಟ್ಟುವ ಮೊದಲು ಗೊತ್ತೇ ಆಗುವುದಿಲ್ಲ.